ಗಾಜು ಏರಿಸಿದ ಫಿಯಟ್

ನನಗೆ ಸ್ವಂತಕ್ಕೆ ಒಂದು ಸೈಕಲ್ ಕೂಡ ಇರಲಿಲ್ಲ. ಅಂಧೇರಿಯಿಂದ ಘಾಟ್ಕೋಪರಿಗೆ ಬಸ್ಸಿನಲ್ಲಿ ಜೋತಾಡಿಕೊಂಡು ಬರುತ್ತಿದ್ದವಳು ನಾನು. ಆದರೂ ನಮ್ಮ ಆಸ್ಪತ್ರೆಯ ಅಂಗಳದಲ್ಲಿ ಗಾಡಿ ನಿಲ್ಲಿಸುವುದಕ್ಕೆ ದುಡ್ಡು ವಸೂಲಿ ಶುರುವಾದಾಗ ದೊಡ್ಡ ಗಂಟಲಲ್ಲಿ ಜಗಳವಾಡಿದವರಲ್ಲಿ ನಾನೂ ಒಬ್ಬಳು. ನಿನಗ್ಯಾಕೆ ಅದರ ಉಸಾಬರಿ ಎಂದು ನಮ್ಮ ಯಜಮಾನರು ಕೇಳುತ್ತಿದ್ದರು. ಫಿಯಟ್ಟಿನ ವಿಷಯ ಅವರಿಗೆ ನಾನು ಹೇಳಿರಲಿಲ್ಲ. ಹೇಳಿದ್ದರೂ ಅರ್ಥವಾಗುತ್ತಿರಲಿಲ್ಲ. ಅವರದು ಬ್ಯಾಂಕಿನ ಕೆಲಸ, ಅಲ್ಲಿ ಕೆಲಸದ ನಡುವೆ ಎದ್ದು ಹೋಗಿ ಅತ್ತು ಬರಬೇಕಾದ ಪ್ರಸಂಗ ಬರುವುದಿಲ್ಲ.

ನಮ್ಮದು ಸ್ಟೇಷನ್ನಿನ ಹತ್ತಿರದ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆ. ಟ್ರಸ್ಟಿಗಳು ಗುಜರಾತಿಗಳು, ಆಯಾಗಳು ಮರಾಠಿಗಳು, ನರ್ಸುಗಳಲ್ಲಿ ಅರ್ಧ ಕೇರಳದವರು. ಮಕ್ಕಳ ವಾರ್ಡಿನಲ್ಲಿ ಮಾತ್ರ ಕನ್ನಡ ಕೇಳಿಸುತ್ತಿತ್ತು. ಅದಕ್ಕೆ ಕಾರಣ ಮೇಟ್ರನ್ ಪುಟ್ಟಲಕ್ಷ್ಮಿಯವರು. ಮೈಸೂರಿನ ಒಂಟಿಕೊಪ್ಪಲಿನವರು, ಮದುವೆ ಆಗಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಗಂಜಿ ಹಾಕಿದ ಬಿಳಿ ಸೀರೆಯಲ್ಲಿ ಅವರು ಕಾರಿಡಾರಿಗೆ ಬಂದರೆ ಸರ್ಜನ್‌ಗಳೂ ಸಿಗರೇಟು ಹಿಂದಕ್ಕೆ ಹಿಡಿಯುತ್ತಿದ್ದರು. ನಾನೂ ಮೈಸೂರಿನವಳು ಎಂದು ತಿಳಿದ ದಿನವೇ ನನ್ನನ್ನು ತಮ್ಮ ವಾರ್ಡಿಗೆ ಎಳೆದುಕೊಂಡರು. ಊರಿನವಳು ಎಂದು ಬೈಗುಳದಲ್ಲೇನೂ ರಿಯಾಯಿತಿ ಕೊಡಲಿಲ್ಲ.

ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ವಾರ್ಡಿನಲ್ಲಿ ನರ್ಸು ಅಳಕೂಡದು. ಮಗು ಕಳಕೊಂಡ ತಾಯಿ ಅಳುತ್ತಿರುವಾಗ ನಾವೂ ಅತ್ತರೆ ಪಕ್ಕದ ಮಂಚದ ತಾಯಂದಿರ ಎದೆ ಒಡೆದುಹೋಗುತ್ತದೆ ಎನ್ನುತ್ತಿದ್ದರು. ನಾನು ಸೇರಿದ ಹೊಸದರಲ್ಲಿ, ನನ್ನ ಕೈಯಲ್ಲೇ ಹಾಲು ಕುಡಿಯುತ್ತಿದ್ದ ಒಂದು ಹೆಣ್ಣುಮಗು ಬೆಳಿಗ್ಗೆಯೇ ಹೋಗಿಬಿಟ್ಟಿತು. ನಾನು ಟ್ರೇ ಹಿಡಿದುಕೊಂಡು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ. ಪುಟ್ಟಲಕ್ಷ್ಮಿಯವರು ಬಂದು ಟ್ರೇ ಕಿತ್ತುಕೊಂಡರು. ಬೈಯುತ್ತಾರೆ ಎಂದುಕೊಂಡೆ. ಅವರು ಮೆಲ್ಲಗೆ, "ಹೋಗಿ ಗಾಡೀಲಿ ಕೂತ್ಕೊಂಡು ಬಾಮ್ಮ" ಎಂದರು.

ಯಾವ ಗಾಡಿ ಎಂದು ನನಗೆ ಗೊತ್ತಿರಲಿಲ್ಲ. ಒಬ್ಬ ಆಯಾ ಕೈಹಿಡಿದು ಕರಕೊಂಡು ಹೋಗಿ ತೋರಿಸಿದಳು. ಅಂಗಳದ ಮೂಲೆಯಲ್ಲಿ ಒಂದು ಬಾದಾಮಿ ಮರ, ಅದರ ಕೆಳಗೆ ತಿಳಿಹಸಿರು ಬಣ್ಣದ ಒಂದು ಹಳೆಯ ಫಿಯಟ್. ಗಾಳಿ ಇಳಿದ ಟಯರುಗಳ ಮೇಲೆ ಸುಸ್ತಾದ ಎಮ್ಮೆಯ ಹಾಗೆ ಕೂತಿತ್ತು. ಒಳಗೆ ಕೂರಿಸಿ, ಗಾಜು ಮೇಲಕ್ಕೆ ಏರಿಸಿಕೋ ಎಂದು ಕೈಸನ್ನೆ ಮಾಡಿ ಅವಳು ಹೊರಟುಹೋದಳು. ಆ ಹೊತ್ತು ನಾನು ಅತ್ತಷ್ಟು ನನ್ನ ಮದುವೆಯ ದಿನ ಕೂಡ ಅತ್ತಿರಲಿಲ್ಲ. ಯಾರೂ ಬರಲಿಲ್ಲ, ಯಾರೂ ಬಗ್ಗಿ ನೋಡಲಿಲ್ಲ. ಮುಖ ಒರೆಸಿಕೊಂಡು ವಾಪಸು ಬಂದಾಗ ಪುಟ್ಟಲಕ್ಷ್ಮಿಯವರು ಏನೂ ಆಗದವರಂತೆ ಮುಂದಿನ ಇಂಜೆಕ್ಷನ್ ಯಾವುದು ಎಂದು ಕೇಳಿದರು.

ಆಸ್ಪತ್ರೆಯವರಿಗೆಲ್ಲ ಗೊತ್ತಿದ್ದ ಪದ್ಧತಿ ಅದು. ಫಿಯಟ್ಟಿನ ಗಾಜು ಏರಿಸಿದ್ದರೆ ಒಳಗೆ ಯಾರೋ ಇದ್ದಾರೆ, ಹತ್ತಿರ ಹೋಗಬಾರದು, ಯಾರು ಎಂದು ಆಮೇಲೆ ಕೇಳಲೂಬಾರದು. ಗಾಜು ಇಳಿಸಿದ್ದರೆ ಊಟದ ಹೊತ್ತು, ಯಾರು ಬೇಕಾದರೂ ಬರಬಹುದು. ಹಿಂದಿನ ಸೀಟಿನಲ್ಲಿ ನಾವು ಮೂರು ಜನ ಒತ್ತಿಕೊಂಡು ಕೂತು ಡಬ್ಬಿ ಬಿಚ್ಚುತ್ತಿದ್ದೆವು. ಮುಂದಿನ ಸೀಟಿನಲ್ಲಿ ಆಂಬುಲೆನ್ಸ್ ಡ್ರೈವರ್ ಶೆಟ್ಟೆಪ್ಪ ಟ್ರಾನ್ಸಿಸ್ಟರ್ ಹಚ್ಚಿಕೊಂಡು ಕ್ರಿಕೆಟ್ ಕೇಳುತ್ತಿದ್ದ. ಬೆಳಗಾವಿ ಕಡೆಯವನು, ಅವನ ಡಬ್ಬಿಯ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ ಅರ್ಧ ನಮ್ಮ ಪಾಲಾಗುತ್ತಿತ್ತು. ನನ್ನ ಹುಳಿಯನ್ನ ಅವನಿಗೆ ಸೇರುತ್ತಿರಲಿಲ್ಲ, ಇದರಾಗ ಬೆಲ್ಲ ಯಾಕ ಹಾಕತೀರಿ ಎಂದು ದಿನವೂ ಕೇಳುತ್ತಿದ್ದ, ದಿನವೂ ತಿನ್ನುತ್ತಿದ್ದ. ಆ ಕಾರಿನ ಸೀಟಿನ ವಾಸನೆ, ಬಿಸಿಲಿಗೆ ಕಾದ ರೆಕ್ಸಿನ್ನು, ಉಪ್ಪಿನಕಾಯಿ, ಡೆಟಾಲು ಎಲ್ಲ ಸೇರಿದ ವಾಸನೆ, ಈಗಲೂ ಎಲ್ಲಾದರೂ ಹಳೆಯ ಟ್ಯಾಕ್ಸಿ ಹತ್ತಿದರೆ ಮೂಗಿಗೆ ಬಂದಂತಾಗುತ್ತದೆ.

ಕಾರು ಡಾಕ್ಟರ್ ಸತ್ಯಮೂರ್ತಿಯವರದು. ಮಕ್ಕಳ ಡಾಕ್ಟರು, ಆಗಲೇ ವಯಸ್ಸಾಗಿತ್ತು, ಪವಾಯಿಯ ಕೆರೆಯ ಕಡೆ ಒಂದು ಸಣ್ಣ ಮನೆ. ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಕಾರು ಓಡಿಸುತ್ತಿದ್ದವರು ಅವರ ಹೆಂಡತಿ ಕೌಸಲ್ಯಮ್ಮ. ಬೆಳಿಗ್ಗೆ ಗಂಡನನ್ನು ಎಡಗಡೆ ಕೂರಿಸಿಕೊಂಡು ಬಂದು, ಬಾದಾಮಿ ಮರದ ಕೆಳಗೆ ನಿಲ್ಲಿಸಿ, ಅವರ ಓಪಿಡಿ ಮುಗಿಯುವ ತನಕ ಕಾರಿನಲ್ಲೇ ಕೂತು ಸ್ವೆಟರ್ ಹೆಣೆಯುತ್ತಿದ್ದರಂತೆ. ಮುಂಬೈಯಲ್ಲಿ ಸ್ವೆಟರ್ ಯಾರಿಗೆ ಎಂದು ಎಲ್ಲರೂ ನಗುತ್ತಿದ್ದರಂತೆ. ಒಂದು ದಿನ ಹಾಗೆ ಬಂದು ಕಾರು ನಿಲ್ಲಿಸಿ, ಎದೆ ಯಾಕೋ ಹಿಡಿದ ಹಾಗಿದೆ ಎಂದು ಗಂಡನ ಜತೆ ಒಳಗೆ ನಡೆದು ಹೋದವರು ಮತ್ತೆ ಹೊರಗೆ ಬರಲಿಲ್ಲ. ಕಾರನ್ನು ಅಲ್ಲಿಂದ ಡಾಕ್ಟರು ಕದಲಿಸಲಿಲ್ಲ, ಮಾರಲಿಲ್ಲ. ತಾವು ಬಸ್ಸಿನಲ್ಲಿ ಬರತೊಡಗಿದರು. ಬಂದ ಕೂಡಲೇ ಅದರ ಬಾನೆಟ್ಟಿನ ಮೇಲೆ ಬಿದ್ದ ಕೆಂಪು ಬಾದಾಮಿ ಎಲೆಗಳನ್ನು ಕೈಯಿಂದ ಗುಡಿಸಿ, ಆಮೇಲೆ ವಾರ್ಡಿಗೆ ಹತ್ತುತ್ತಿದ್ದರು. ವಾರ್ಡಿನಲ್ಲಿ ಯಾವುದಾದರೂ ಮಗು ಹೋದ ದಿನ ಅವರೂ ಅಲ್ಲಿ ಕೂತು ಬರುತ್ತಿದ್ದರು, ಎಡಗಡೆಯ ಸೀಟಿನಲ್ಲಿ, ಗಾಜು ಏರಿಸಿಕೊಂಡು. ಅವರನ್ನು ನೋಡಿಯೇ ಪುಟ್ಟಲಕ್ಷ್ಮಿಯವರಿಗೆ ಆ ಉಪಾಯ ಹೊಳೆದದ್ದು.

ಹೀಗಿರುವಾಗ ಎಂಬತ್ತೆಂಟರಲ್ಲಿ ಹೊಸ ಆಡಳಿತಾಧಿಕಾರಿ ಬಂದರು. ಜಯಸಿಂಹ ಎಂದು, ಬೆಂಗಳೂರಿನವರು, ಯಾವುದೋ ದೊಡ್ಡ ಕಂಪನಿಯಲ್ಲಿದ್ದು ಬಂದವರು. ಕೆಟ್ಟವರೇನಲ್ಲ, ಆದರೆ ಎಲ್ಲವನ್ನೂ ನೀಟಾಗಿಸುವ ರೋಗ ಅವರಿಗೆ. ಸ್ಟೇಷನ್ನು ಹತ್ತಿರವಾದ್ದರಿಂದ ಲೋಕಲ್ ಹಿಡಿಯುವ ಜನ ತಮ್ಮ ಸ್ಕೂಟರುಗಳನ್ನು ನಮ್ಮ ಅಂಗಳದಲ್ಲಿ ತುರುಕಿ ಹೋಗುತ್ತಿದ್ದರು, ಆಂಬುಲೆನ್ಸಿಗೇ ದಾರಿ ಇರುತ್ತಿರಲಿಲ್ಲ, ಅದು ನಿಜ. ಅದಕ್ಕೆ ಅವರು ಕಂಡುಕೊಂಡ ಮದ್ದೆಂದರೆ ಅಂಗಳವನ್ನು ಒಬ್ಬ ಖಾಸಗಿ ಕಂತ್ರಾಟುದಾರನಿಗೆ ವಹಿಸಿದ್ದು. ಹೊರಗಿನವರಿಗೂ ಚೀಟಿ, ಒಳಗಿನವರಿಗೂ ಚೀಟಿ. ನಾವು ಕೆಲಸ ಮಾಡುವ ಜಾಗಕ್ಕೆ ಬಂದು ನಿಲ್ಲುವುದಕ್ಕೆ ನಾವೇ ದುಡ್ಡು ಕೊಡಬೇಕು ಎಂಬ ಸುದ್ದಿ ಒಂದು ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಖಾಕಿ ಶರ್ಟು ತೊಟ್ಟು ನಿಂತಿತ್ತು.

ಆ ಖಾಕಿ ಶರ್ಟಿನವನ ಹೆಸರು ದೂಜ. ಕಾರ್ಕಳದ ಕಡೆಯವನು, ಮಾಟುಂಗಾದ ಹೋಟೆಲೊಂದರಲ್ಲಿ ತುಂಬ ವರ್ಷ ಸಪ್ಲೈಯರ್ ಆಗಿದ್ದು ಈ ಕೆಲಸಕ್ಕೆ ಬಂದವನು. ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ಚೀಟಿಯ ಕಟ್ಟು, ಬಾಯಲ್ಲಿ ಬಹಳ ವಿನಯ. ಆದರೆ ಚೀಟಿಯ ವಿಷಯದಲ್ಲಿ ಮಾತ್ರ ಒಂದಿಂಚು ಜಗ್ಗುವವನಲ್ಲ. ಮೊದಲ ದಿನವೇ ಸೈರನ್ ಹಾಕಿಕೊಂಡು ಬಂದ ಆಂಬುಲೆನ್ಸಿಗೆ ಅಡ್ಡ ನಿಂತು ಚೀಟಿ ಹರಿದ. ಶೆಟ್ಟೆಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಒಳಗ ಮಲಗಿದಾವನೂ ಪಾರ್ಕಿಂಗ್ ಮಾಡಾಕ ಬಂದಾನ ಅಂತ ತಿಳದೀ ಏನ್ ತಮ್ಮಾ" ಎಂದು ಕೇಳಿದ. ದೂಜ ಕೈಮುಗಿದು, ಗೇಟಿನೊಳಗೆ ಬರುವ ಎಲ್ಲ ಗಾಡಿಗೆ ಎಂದು ತನಗೆ ಹೇಳಿದ್ದಾರೆ, ಎಂತ ಮಾಡುವುದು ಎಂದನಂತೆ. ಆ ಚೀಟಿಯನ್ನು ಶೆಟ್ಟೆಪ್ಪ ಆಂಬುಲೆನ್ಸಿನ ಗಣಪತಿಯ ಪಟದ ಕೆಳಗೆ ಬಹಳ ದಿನ ಅಂಟಿಸಿಕೊಂಡಿದ್ದ.

ಮೊದಲ ವಾರ ಯಾರೂ ಕೊಡಲಿಲ್ಲ. ಎಕ್ಸ್‌ರೇಯವರು ಸ್ಕೂಟರನ್ನು ಕುರುಕಲು ತಿಂಡಿಯ ಫರ್ಸಾಣ್ ಅಂಗಡಿಯ ಮುಂದೆ ನಿಲ್ಲಿಸಿ ಅಂಗಡಿಯವನ ಹತ್ತಿರ ಬೈಸಿಕೊಂಡರು. ಲ್ಯಾಬಿನವರು ರಸ್ತೆಯಲ್ಲಿ ನಿಲ್ಲಿಸಿ ಪೊಲೀಸರ ಕೈಗೆ ಸಿಕ್ಕರು. ಕೊನೆಗೆ ಎಲ್ಲರೂ ಸೇರಿ ಜಯಸಿಂಹರ ಕೋಣೆಗೆ ನುಗ್ಗಿದೆವು. ನುಗ್ಗಿದ್ದು ನಾವು, ಮಾತಾಡಿದ್ದು ಪುಟ್ಟಲಕ್ಷ್ಮಿಯವರು ಒಬ್ಬರೇ. ಹೊರಗೆ ಬರುವಾಗ ಅರ್ಧ ಜಯ ಅವರ ಸೆರಗಿನಲ್ಲಿತ್ತು. ಡ್ಯೂಟಿಯವರ ಬಂದುಹೋಗುವ ಗಾಡಿಗಳಿಗೆ ಚೀಟಿ ಬೇಡ, ಒಂದು ಪಾಸು ಸಾಕು, ಅದೂ ಅಗ್ಗದ ಪಾಸು. ನಾವೆಲ್ಲ ಗೆದ್ದೆವು ಎಂದು ಕ್ಯಾಂಟೀನಿನಲ್ಲಿ ಚಹಾ ಕುಡಿದೆವು. ಬಂದುಹೋಗುವ ಗಾಡಿ ಎಂಬ ಮಾತಿನೊಳಗಿನ ಮುಳ್ಳು ನಮಗೆ ಆಗ ತಿಳಿಯಲಿಲ್ಲ.

ಮಾರನೆಯ ದಿನ ಫಿಯಟ್ಟಿನ ವೈಪರಿಗೆ ದೂಜ ಒಂದು ಚೀಟಿ ಸಿಕ್ಕಿಸಿದ. ಅದರ ಮಾರನೆಯ ದಿನ ಇನ್ನೊಂದು. ಡಾಕ್ಟರು ಎರಡಕ್ಕೂ ದುಡ್ಡು ಕೊಟ್ಟರು. ದುಡ್ಡು ಕೊಟ್ಟರೂ ಆಗುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ನಿಂತಲ್ಲೇ ನಿಂತ ಗಾಡಿ ಗುಜರಿ, ಅದನ್ನು ಕುರ್ಲಾದ ಗುಜರಿ ಅಂಗಡಿಗೆ ಎಳೆಸಿಬಿಡುವ ಹಕ್ಕು ಕಂತ್ರಾಟುದಾರನಿಗೆ ಬರೆದುಕೊಟ್ಟಿದ್ದಾರಂತೆ. ತಿಂಗಳ ಕೊನೆಗೆ ಎಳೆಯುವ ಲಾರಿ ಬರುತ್ತದೆ ಎಂದು ದೂಜನೇ ನಮಗೆ ಹೇಳಿದ, ನೆಲ ನೋಡಿಕೊಂಡು.

ಈ ಊರಿನಲ್ಲಿ ಮಲಗುವುದಕ್ಕೆ ಜಾಗ ಸಿಗುತ್ತದೆ, ತಿನ್ನುವುದಕ್ಕೆ ಸಿಗುತ್ತದೆ, ಅಳುವುದಕ್ಕೆ ಎಲ್ಲಿ ಸಿಗುತ್ತದೆ ಹೇಳಿ. ನನ್ನ ಮನೆಯಲ್ಲಿ ಅತ್ತೆ, ಮಾವ, ಮೈದುನ, ಮಕ್ಕಳು, ಎಲ್ಲರೂ ಒಂದೂವರೆ ಕೋಣೆಯಲ್ಲಿ. ಬಸ್ಸಿನಲ್ಲಿ ಅತ್ತರೆ ಸೀಟು ಬಿಟ್ಟುಕೊಡುತ್ತಾರೆ, ಕಾರಣ ಕೇಳುತ್ತಾರೆ. ಆ ಕಾರು ಹೋದರೆ ನಾವು ನರ್ಸುಗಳು ಕಲ್ಲಾಗಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಪುಟ್ಟಲಕ್ಷ್ಮಿಯವರು ಮತ್ತೆ ಜಯಸಿಂಹರ ಕೋಣೆಗೆ ಹೋದರು. ಈ ಸಲ ಒಬ್ಬರೇ. ಕಂತ್ರಾಟಿನಲ್ಲಿ ಹಾಗೇ ಇದೆ, ಗಾಡಿ ದಿನಕ್ಕೊಮ್ಮೆಯಾದರೂ ಗೇಟು ದಾಟಿ ಹೋಗಿ ಬರಬೇಕು, ನನ್ನ ಕೈಯಲ್ಲೇನೂ ಇಲ್ಲ ಎಂದು ಜಯಸಿಂಹರು ಕೈಯಾಡಿಸಿದರಂತೆ. ಇಂಜಿನ್ನಿನಲ್ಲೇ ಹೋಗಬೇಕು ಎಂದು ಬರೆದಿದೆಯೇ ಎಂದು ಇವರು ಕೇಳಿದರಂತೆ. ಇಲ್ಲ ಎಂದರಂತೆ ಅವರು. ಸರಿ ಎಂದು ಇವರು ಎದ್ದು ಬಂದರು. ವಾರ್ಡಿಗೆ ಬಂದವರೇ ಶೆಟ್ಟೆಪ್ಪನನ್ನು ಕರೆಸಿ, ನಾಲ್ಕು ಟಯರು ಹೊಂದಿಸು, ಹಿಡಿದುಕೊಂಡ ಬ್ರೇಕು ಬಿಡಿಸು ಎಂದರು. ದಿನಾ ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಹೋಗುವವರೂ ಇರುತ್ತಾರೆ, ಬರುವವರೂ ಇರುತ್ತಾರೆ, ಕೈಗಳಿಗೇನು ಬರ. ತಳ್ಳಿಕೊಂಡು ಹೋಗಿ ತಳ್ಳಿಕೊಂಡು ಬರುವುದು. ನಾವು ನಗಬೇಕೋ ಬೇಡವೋ ತಿಳಿಯದೆ ನಿಂತೆವು.

ಆದರೆ ಡಾಕ್ಟರು ಒಪ್ಪಲಿಲ್ಲ. ನಾನು ಅಲ್ಲೇ ಇದ್ದೆ. ಅವರು ಸ್ಟೆತಾಸ್ಕೋಪನ್ನು ಮಡಚುತ್ತಾ, ಬಿಚ್ಚುತ್ತಾ, "ಅದನ್ನ ಅವಳು ಅಲ್ಲಿ ನಿಲ್ಲಿಸಿದ್ದಾಳೆ ಪುಟ್ಟಲಕ್ಷ್ಮಿ. ನಾನು ಹೇಗೆ ತೆಗೀಲಿ?" ಎಂದರು.

"ತೆಗೆಯೋದಲ್ಲ ಡಾಕ್ಟ್ರೇ, ಹೋಗಿ ಬರೋದು. ಕೌಸಲ್ಯಮ್ಮ ಇದ್ದಿದ್ರೆ ದಿನಾ ಹೋಗಿ ಬರ್ತಿರ್ಲಿಲ್ವೆ" ಎಂದರು ಪುಟ್ಟಲಕ್ಷ್ಮಿಯವರು.

ಡಾಕ್ಟರು ಇಳಿದು ಹೋಗಿ ಫಿಯಟ್ಟಿನಲ್ಲಿ ಕೂತು ಗಾಜು ಏರಿಸಿಕೊಂಡರು. ಓಪಿಡಿಯಲ್ಲಿ ತಾಯಂದಿರು ಕಾಯುತ್ತಿದ್ದರು, ಮಕ್ಕಳು ಅರಚುತ್ತಿದ್ದವು. ನಾವು ಮೇಲಿನ ಕಿಟಕಿಯಿಂದ ನೋಡುತ್ತಲೇ ಇದ್ದೆವು. ಬಹಳ ಹೊತ್ತಿನ ಮೇಲೆ ಆ ಗಾಜು ತಡೆತಡೆದು ಕೆಳಗಿಳಿಯಿತು. ಅಷ್ಟು ದೂರದಿಂದ ಆ ಗಾಜು ಇಳಿಯುವುದನ್ನು ನೋಡಿದ್ದು ನನ್ನ ಮಟ್ಟಿಗೆ ನೌಕರಿಯ ಅತ್ಯಂತ ಸಂತೋಷದ ಗಳಿಗೆಗಳಲ್ಲಿ ಒಂದು.

ಅವರದು ಒಂದೇ ಷರತ್ತು, ವಾಪಸು ಬಂದಾಗ ಕಾರು ಇದ್ದಲ್ಲೇ ನಿಲ್ಲಬೇಕು. ಶೆಟ್ಟೆಪ್ಪ ಎದೆಯ ಮೇಲೆ ಕೈಯಿಟ್ಟು, "ಅವ್ವಾರು ಎಲ್ಲಿ ನಿಂದರಿಸ್ಯಾರೋ ಅಲ್ಲೇ ತಂದು ನಿಂದರಸ್ತೀನ್ರಿ ಸಾಹೇಬ್ರ. ಒಂದ್ ಬಟ್ಟ ಅತ್ತಾಗ ಇತ್ತಾಗ ಆಗೂದಿಲ್ಲ" ಎಂದ. ಕೈಕಾಲು ಮುರಿದವರ ಕೋಣೆಯಿಂದ ಉಳಿದ ಪ್ಲಾಸ್ಟರನ್ನು ಒಂದು ಬೋಗುಣಿಯಲ್ಲಿ ಕಲಸಿ ತಂದು, ಮಂಡಿಯೂರಿ ಕೂತು, ನಾಲ್ಕು ಚಕ್ರಗಳ ಸುತ್ತಲೂ ನೆಲದ ಮೇಲೆ ಬೆರಳು ದಪ್ಪ ಬಿಳಿ ಗುರುತು ಮಾಡಿದ. ಪ್ರತಿ ಮಳೆಗಾಲ ಅದು ತೊಳೆದುಹೋಗುತ್ತಿತ್ತು, ಅವನು ಮತ್ತೆ ಹಚ್ಚುತ್ತಿದ್ದ.

ಮೊದಲ ದಿನದ ಮೆರವಣಿಗೆ ಮರೆಯುವಂಥದ್ದಲ್ಲ. ಸ್ಟೀರಿಂಗ್ ಹಿಡಿಯುವುದು ಶೆಟ್ಟೆಪ್ಪ ಎಂದುಕೊಂಡಿದ್ದೆವು. ಡಾಕ್ಟರು ಬಂದು ಬಲಗಡೆಯ ಬಾಗಿಲು ತೆಗೆದು ಹೆಂಡತಿಯ ಜಾಗದಲ್ಲಿ ಕೂತರು. ಜೀವಮಾನದಲ್ಲಿ ಮೊದಲ ಸಲ. ಎತ್ತ ತಿರುಗಿಸಿದರೆ ಎತ್ತ ಹೋಗುತ್ತದೆ ಎಂದು ಕೂಡ ಗೊತ್ತಿಲ್ಲದ ಮನುಷ್ಯ. ಶೆಟ್ಟೆಪ್ಪ ಕಿಟಕಿಯಿಂದ ಒಂದು ಕೈ ಒಳಗೆ ಹಾಕಿ ಸ್ಟೀರಿಂಗ್ ಹಿಡಿದುಕೊಂಡು ಪಕ್ಕದಲ್ಲೇ ನಡೆದ. ಹೋಗುವಾಗ ಡಿಕ್ಕಿಗೆ ನಮ್ಮ ಕೈಗಳು, ಬರುವಾಗ ಬಾನೆಟ್ಟಿಗೆ. ಬಿಳಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನರ್ಸುಗಳು, ಆಯಾಗಳು, ಲ್ಯಾಬಿನವರು, ಹಿಂದಿನಿಂದ ಪುಟ್ಟಲಕ್ಷ್ಮಿಯವರ ಬೈಗುಳ. ಗೇಟಿನ ಆಚೆ ನಿಂಬೆ ಶರಬತ್ತಿನ ಗಾಡಿಯವನು ತನ್ನ ಗ್ಲಾಸುಗಳನ್ನು ಉಳಿಸಿಕೊಳ್ಳಲು ಓಡಿದ. ಬಸ್ಸುಗಳು ಹಾರ್ನ್ ಹೊಡೆದವು. ದೂಜ ಬಗ್ಗಿ ನೋಡಿ, ಹಿಂದಿನ ಚಕ್ರ ಗಟಾರದ ಕಲ್ಲು ದಾಟಲಿಲ್ಲ, ಇನ್ನೂ ಸ್ವಲ್ಪ ಎಂದ. ದಾಟಿಸಿದೆವು. ಅವನು ಪಾಸು ನೋಡಿ, ಸರಿ ಎಂದು ಗೇಟು ಪೂರ್ತಿ ತೆರೆದ. ಎಲ್ಲರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು, ಡಾಕ್ಟರೂ ನಕ್ಕರು.

ಆಮೇಲೆ ಅದೊಂದು ದಿನಚರಿಯಾಯಿತು. ಆ ತಳ್ಳಾಟದಲ್ಲಿ ಎಷ್ಟು ಮಾತು, ಎಷ್ಟು ನಗು. ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ ಯಾವ ಮಗುವಿಗೆ ಜ್ವರ ಇಳಿಯಿತು, ಯಾವುದಕ್ಕೆ ಏರಿತು ಎಂದು ಬಾನೆಟ್ಟಿಗೆ ಕೈಕೊಟ್ಟುಕೊಂಡೇ ಹೇಳುತ್ತಿದ್ದೆವು. ರೋಗಿಗಳ ಕಡೆಯವರು ಬಂದು ಕೈ ಹಾಕುತ್ತಿದ್ದರು, ಕಾರು ಕೆಟ್ಟಿದೆ, ಪಾಪ ಡಾಕ್ಟರು ಎಂದುಕೊಂಡು. ದಿನಕ್ಕೊಂದಿಷ್ಟು ಸ್ಟೀರಿಂಗ್ ತಿರುಗಿಸಿ ತಿರುಗಿಸಿ ಡಾಕ್ಟರಿಗೆ ಗುರುತಿನ ಮೇಲೆ ಸರಿಯಾಗಿ ತಂದು ನಿಲ್ಲಿಸುವುದು ಕರಗತವಾಯಿತು. ಕೌಸಲ್ಯಮ್ಮ ಇಷ್ಟೇ ಕಲಿಸಿ ಸಾಕು ಮಾಡಿದರು ಎಂದು ತಮಾಷೆ ಮಾಡುತ್ತಿದ್ದರು.

ದೂಜ ಮಾತ್ರ ದೂರವೇ. ಅವನ ಚೀಟಿಯ ಮೇಲಿನ ಸಿಟ್ಟು ನಮಗೆ ಇಳಿದಿರಲಿಲ್ಲ, ಊಟಕ್ಕೆ ಕರೆಯುತ್ತಿರಲಿಲ್ಲ. ಅವನು ಗೇಟಿನ ಬಳಿ ನಿಂತೇ ತಿನ್ನುತ್ತಿದ್ದ, ನಮ್ಮ ಕಡೆ ನೋಡುತ್ತಿದ್ದ. ಒಮ್ಮೆ ನನ್ನ ಹತ್ತಿರ ಬಂದು, ಊರಿನಲ್ಲಿ ಮಗಳಿಗೆ ಹಸಿವೆ ಆಗುವುದಿಲ್ಲವಂತೆ, ಒಂದು ಟಾನಿಕ್ ಬರೆದುಕೊಡಿಸಿ ಸಿಸ್ಟರ್ ಎಂದ. ಡಾಕ್ಟರ ಹತ್ತಿರವಿದ್ದ ಸ್ಯಾಂಪಲ್ ಬಾಟಲಿ ಕೊಡಿಸಿದೆ. ಊರಿಗೆ ಹೋಗುವ ಯಾರ ಕೈಯಲ್ಲೋ ಕಳಿಸಿದ. ಮಗಳು ಹುಟ್ಟಿದ ಮೇಲೆ ಒಂದೇ ಸಲ ನೋಡಿದ್ದು ಎಂದು ಹೇಳಿ ಗೇಟಿಗೆ ವಾಪಸು ಓಡಿದ.

ಮರುವರ್ಷದ ಆಷಾಢವಿರಬೇಕು, ಹನಿ ಹನಿ ಮಳೆ. ಮಧ್ಯಾಹ್ನ ನಾವೆಲ್ಲ ಸೀರೆ ಎತ್ತಿಕಟ್ಟಿ ತಳ್ಳುವುದಕ್ಕೆ ಬಂದರೆ ಫಿಯಟ್ಟಿನ ಗಾಜು ಮೇಲಿತ್ತು. ಒಳಗಿನ ಉಸಿರಿಗೆ ಮಂಜು ಕಟ್ಟಿ ಯಾರೆಂದು ಕಾಣುತ್ತಿರಲಿಲ್ಲ. ಹಾಗೆ ಎಂದೂ ಆಗಿರಲಿಲ್ಲ. ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು, ನಮ್ಮವರೆಲ್ಲ ಇದ್ದರು. ಡಾಕ್ಟರು ಬಂದರು, ಅವರೂ ನಿಂತರು. ತಳ್ಳದಿದ್ದರೆ ಪಾಸು ಹೋಗುತ್ತದೆ, ಲಾರಿ ಬರುತ್ತದೆ. ಹತ್ತಿರ ಹೋದರೆ ನಾವೇ ಮಾಡಿದ ನಿಯಮ ಮುರಿಯುತ್ತದೆ. ಅಷ್ಟರಲ್ಲಿ ಶೆಟ್ಟೆಪ್ಪ ಗೇಟಿನ ಕಡೆ ಕೈ ತೋರಿಸಿದ. ಅಲ್ಲಿ ಯಾರೂ ಇರಲಿಲ್ಲ. ಚರ್ಮದ ಚೀಲ ಗೇಟಿನ ಕೊಂಡಿಗೆ ನೇತಾಡುತ್ತಿತ್ತು.

ಬೆಳಿಗ್ಗೆ ಮಂಗಳೂರು ಬಸ್ಸಿನಿಂದ ಇಳಿದವನೊಬ್ಬ ಕೈಚೀಲ ಹಿಡಿದುಕೊಂಡೇ ಬಂದು ದೂಜನ ಜತೆ ತುಳುವಿನಲ್ಲಿ ಏನೋ ಹೇಳಿ ಹೋದದ್ದನ್ನು ನಾನು ನೋಡಿದ್ದೆ. ಅದಾದ ಮೇಲೂ ಮಧ್ಯಾಹ್ನದವರೆಗೆ ದೂಜ ಚೀಟಿ ಹರಿಯುತ್ತಲೇ ಇದ್ದ.

"ಇವತ್ತು ತಳ್ಳೋದು ಬೇಡ" ಎಂದರು ಪುಟ್ಟಲಕ್ಷ್ಮಿಯವರು.

ಗೇಟಿನಲ್ಲಿ ಗಾಡಿಗಳು ಸಾಲುಗಟ್ಟಿ ಹಾರ್ನ್ ಹೊಡೆಯತೊಡಗಿದವು. ಜಯಸಿಂಹರು ಮೇಲಿನಿಂದ ಇಳಿದು ಬಂದರು. ಕಾರು ಯಾಕೆ ಇನ್ನೂ ಇಲ್ಲೇ ಇದೆ, ಗೇಟಿನವನು ಎಲ್ಲಿ ಎಂದು ಕೇಳುತ್ತಲೇ ಬಂದವರಿಗೆ ಪುಟ್ಟಲಕ್ಷ್ಮಿಯವರು ತುಟಿಯ ಮೇಲೆ ಬೆರಳಿಟ್ಟು, ಆ ಗಾಜನ್ನು ತೋರಿಸಿ, ಮೆಲ್ಲಗೆ ಎಲ್ಲ ಹೇಳಿದರು. ಅಷ್ಟು ದಿನ ಅವರಿಗೆ ಆ ಕಾರು ಒಂದು ಗುಜರಿ, ನಮ್ಮ ಮೆರವಣಿಗೆ ಒಂದು ಹುಚ್ಚು. ಈಗ ಅವರು ತಾವೇ ಗೇಟಿಗೆ ಹೋಗಿ, ಟೈ ಹೆಗಲ ಮೇಲೆ ಎಸೆದುಕೊಂಡು, ಮಳೆಯಲ್ಲಿ ನಿಂತು ಒಂದೊಂದೇ ಗಾಡಿಗೆ ಒಳಗೆ ಹೋಗಿ ಎಂದು ಕೈ ಮಾಡಿದರು. ಆ ಹೊತ್ತು ಬಂದವರೆಲ್ಲ ಚೀಟಿಯಿಲ್ಲದೆ ಒಳಗೆ ಬಂದರು.

ದೂಜ ಬಹಳ ಹೊತ್ತಿನ ಮೇಲೆ ಹೊರಗೆ ಬಂದ. ನಲ್ಲಿಯಲ್ಲಿ ಮುಖ ತೊಳೆದುಕೊಂಡ. ನಾವೆಲ್ಲ ಬೇರೆ ಕಡೆ ನೋಡುತ್ತಿದ್ದೆವು, ಅದೂ ನಿಯಮವೇ. ಅವನು ತಾನಾಗಿ ನನ್ನ ಹತ್ತಿರ ಬಂದ.

"ಮಗು ಹೋಯ್ತಂತೆ ಸಿಸ್ಟರ್. ಮಣ್ಣು ಮಾಡಿಯೂ ಆಯ್ತಂತೆ" ಎಂದ. ಆಮೇಲೆ ತಪ್ಪು ಮಾಡಿದವನ ಹಾಗೆ, "ರೂಮಲ್ಲಿ ಅಳ್ಲಿಕ್ಕೆ ಆಗುದಿಲ್ಲ. ಪಾಳಿಯಲ್ಲಿ ಮಲಗುವವರು, ಎದ್ದುಬಿಡ್ತಾರೆ. ಇಲ್ಲಿ ಗಾಜು ಏರಿಸಿದ್ರೆ ಯಾರೂ ಬರುದಿಲ್ಲ ಅಂತ ನೋಡಿದ್ದೆ" ಎಂದ.

ಡಾಕ್ಟರು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು, ಅಷ್ಟೇ. ಮಾರನೆಯ ದಿನ ಮಧ್ಯಾಹ್ನ ನಾವು ಡಿಕ್ಕಿಗೆ ಕೈ ಕೊಟ್ಟಾಗ ನಮ್ಮ ನಡುವೆ ಖಾಕಿ ಶರ್ಟಿನ ಇನ್ನೊಂದು ಜತೆ ಕೈ ಇತ್ತು. ಗೇಟು ತೆರೆದೇ ಇತ್ತು. ಹಿಂದಿನ ಚಕ್ರ ದಾಟಿತೋ ಇಲ್ಲವೋ ಎಂದು ಆಮೇಲೆ ಯಾರೂ ಬಗ್ಗಿ ನೋಡಲಿಲ್ಲ. ಅಂದಿನಿಂದ ಊಟಕ್ಕೆ ಅವನೂ ಬಂದ, ಶೆಟ್ಟೆಪ್ಪ ಮುಂದಿನ ಸೀಟಿನಲ್ಲಿ ಸರಿದು ಜಾಗ ಮಾಡಿಕೊಟ್ಟ.

ತೊಂಬತ್ತೊಂದರ ಬೇಸಿಗೆಯಲ್ಲಿ ಡಾಕ್ಟರು ತೀರಿಕೊಂಡರು, ನಮ್ಮ ಆಸ್ಪತ್ರೆಯಲ್ಲೇ, ಕೌಸಲ್ಯಮ್ಮ ಹೋದ ಹಾಗೆಯೇ ಎದೆ ಹಿಡಿದು. ಅವರಿಗೆ ಮಕ್ಕಳಿರಲಿಲ್ಲ. ಬೆಂಗಳೂರಿನಿಂದ ಬಂದ ತಮ್ಮನ ಮಗ ಒಳ್ಳೆಯ ಹುಡುಗನೇ, ಅವನಿಗೇನು ಗೊತ್ತು, ಕಾರನ್ನು ಕುರ್ಲಾದ ಗುಜರಿಯವನಿಗೆ ಕೊಟ್ಟ. ಟ್ರಸ್ಟನ್ನು ಕೇಳಿ ಉಳಿಸಿಕೊಳ್ಳೋಣ ಎಂದು ನಾವು ಯೋಚಿಸುವಷ್ಟರಲ್ಲಿ ಲಾರಿ ಬಂದಿತ್ತು. ಸರಪಳಿ ಕಟ್ಟಿ ಎಳೆದಾಗ ನಾವು ಅಭ್ಯಾಸಬಲದಿಂದ ಡಿಕ್ಕಿಗೆ ಕೈಯಿಟ್ಟುಕೊಂಡೇ ಗೇಟಿನವರೆಗೆ ಹೋದೆವು. ಹಿಂದಿನ ಚಕ್ರ ಗಟಾರದ ಕಲ್ಲು ದಾಟಿತು. ಅದು ತಿರುವಿನಲ್ಲಿ ಮರೆಯಾದ ಮೇಲೂ ನಾವು ಅಲ್ಲೇ ನಿಂತಿದ್ದೆವು, ಇನ್ನೇನು ಬಾನೆಟ್ಟಿಗೆ ಕೈ ಕೊಡಬೇಕು ಎನ್ನುವ ಹಾಗೆ. ಒಳಗೆ ಹೋಗಿ ಎಂದು ಬೈಯಬೇಕಾದ ಪುಟ್ಟಲಕ್ಷ್ಮಿಯವರೂ ನಿಂತಿದ್ದರು.

ಆ ಮಳೆಗಾಲ ಕಳೆದು ದಸರೆಯ ಆಸುಪಾಸು. ವಾರ್ಡಿನಲ್ಲಿ ಬಹಳ ದಿನ ಇದ್ದ ಒಂದು ಹುಡುಗ, ನನ್ನನ್ನು ಮರಾಠಿಯಲ್ಲಿ ಮಾವಶಿ, ಚಿಕ್ಕಮ್ಮ, ಎಂದು ಕರೆಯುತ್ತಿದ್ದವನು, ಬೆಳಿಗ್ಗೆ ಹೋದ. ನಾನು ಟ್ರೇ ಹಿಡಿದು ಗೋಡೆಯ ಕಡೆ ತಿರುಗಿದೆ. ಪುಟ್ಟಲಕ್ಷ್ಮಿಯವರು ಬಂದು ಟ್ರೇ ತೆಗೆದುಕೊಂಡು, "ಹೋಗಿ ಗಾಡೀಲಿ ಕೂತ್ಕೊಂಡು ಬಾಮ್ಮ" ಎಂದರು. ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೆಟ್ಟಿಲಿಳಿದು, ಅಂಗಳ ದಾಟಿ, ಬಾಗಿಲಿನ ಹಿಡಿಗೆ ಕೈ ಚಾಚಿದ ಮೇಲೆಯೇ ಅಲ್ಲಿ ಕಾರಿಲ್ಲ ಎಂದು ನನಗೆ ನೆನಪಾದದ್ದು.

ಅಂಗಳದಲ್ಲಿ ಒಂದು ಸೈಕಲ್ಲಿಗೂ ಜಾಗವಿರಲಿಲ್ಲ. ಗಾಡಿಗೆ ಗಾಡಿ ಅಂಟಿಕೊಂಡು ನಿಂತಿದ್ದವು. ಬಾದಾಮಿ ಮರದ ಕೆಳಗೆ ಮಾತ್ರ ಒಂದು ಕಾರಿನಷ್ಟು ನೆಲ ಖಾಲಿ. ನೆಲದ ಮೇಲೆ ನಾಲ್ಕು ಬಿಳಿ ಗುರುತುಗಳು, ಮಳೆ ತೊಳೆದ ಹಳೆಯ ಗುರುತುಗಳಲ್ಲ, ಹೊಸದಾಗಿ ಹಚ್ಚಿದವು. ಆಮೇಲೆ ಶೆಟ್ಟೆಪ್ಪನನ್ನು ಕೇಳಿದರೆ, ನಾ ಹಚ್ಚಿಲ್ಲರಿ ಬಾಯಾರ ಎಂದ. ನಾನು ಆ ಗುರುತುಗಳ ನಡುವೆ ನಿಂತೆ. ಗಾಜಿಲ್ಲ, ಬಾಗಿಲಿಲ್ಲ, ನಾಲ್ಕು ಕಡೆಯಿಂದಲೂ ಜನ. ಇಲ್ಲಿ ಅಳುವುದು ಹೇಗೆ ಎಂದುಕೊಂಡೆ.

ಆಗ ಜಯಸಿಂಹರ ಹೊಸ ಮಾರುತಿ ಒಳಗೆ ಬಂತು. ಎಲ್ಲೂ ಜಾಗ ಕಾಣದೆ ಅವರು ಕಿಟಕಿಯಿಂದ ಕೈ ಹೊರಗೆ ಹಾಕಿ, ಅಲ್ಲಿ ಖಾಲಿ ಇದೆಯಲ್ಲ ದೂಜ ಎಂದು ಮರದ ಕಡೆ ತೋರಿಸಿದರು. ದೂಜ ಚೀಟಿಯ ಕಟ್ಟನ್ನು ಚೀಲಕ್ಕೆ ಹಾಕಿ, ಕಾರಿನ ಮುಂದೆ ಬಂದು ನಿಂತ.

"ಇಲ್ಲ ಸರ್. ಅಲ್ಲಿ ಗಾಡಿ ಉಂಟು" ಎಂದ. ಮತ್ತೆ ಸ್ವರ ತಗ್ಗಿಸಿ, "ಗಾಜು ಏರಿಸಿ ಉಂಟು" ಎಂದ.

ಜಯಸಿಂಹರು ನನ್ನ ಕಡೆ ಒಂದು ಸಲ ನೋಡಿದರು. ಕೂಡಲೇ ಮುಖ ಆಚೆ ತಿರುಗಿಸಿ, ರಿವರ್ಸ್ ಹಾಕಿ, ರಸ್ತೆಯಲ್ಲಿ ಜಾಗ ಹುಡುಕುವುದಕ್ಕೆ ಹೋದರು. ದೂಜ ನನಗೆ ಬೆನ್ನು ಹಾಕಿ ಗೇಟು ಮುಚ್ಚಿ ನಿಂತ. ನಾನು ಬಾದಾಮಿ ಮರದ ಕೆಳಗೆ ಹೊಟ್ಟೆ ತುಂಬ ಅತ್ತೆ.